ನೀಲಿ ವೈರ್ ಬ್ಯಾಗಿನ ಹಾಲು

ಮಧ್ಯಾಹ್ನ ಹನ್ನೆರಡೂವರೆಗೆ ದೇವದುರ್ಗದ ಬಸ್ಸು ರಾಯಚೂರು ನಿಲ್ದಾಣಕ್ಕೆ ಬಂದಾಗ, ಇಳಿಯುವವರಿಗಿಂತ ಮೊದಲು ಹತ್ತುವವರು ನಾವು, ಬುತ್ತಿ ಕಾಯುವವರು. ಊರಲ್ಲಿ ಮನೆ, ರಾಯಚೂರಲ್ಲಿ ರೂಮು ಇರುವವರಿಗೆಲ್ಲ ಬಸ್ಸೇ ಅಡುಗೆಮನೆ. ಅಲ್ಲಿ ಅವ್ವನೋ ಹೆಂಡತಿಯೋ ರೊಟ್ಟಿ, ಪಲ್ಯ, ಚಟ್ನಿ ಕಟ್ಟಿದ ಚೀಲವನ್ನು ಡ್ರೈವರನ ಎಡಕ್ಕಿರುವ ಎಂಜಿನ್ ಪೆಟ್ಟಿಗೆಯ ಮೇಲಿಟ್ಟು ಹೋಗುತ್ತಾರೆ. ಇಲ್ಲಿ ನಾವು ಮುಂದಿನ ಬಾಗಿಲಿನಿಂದ ನುಗ್ಗಿ ನಮ್ಮ ನಮ್ಮ ಚೀಲ ಎತ್ತಿಕೊಳ್ಳುತ್ತೇವೆ. ಚೀಟಿ ಇಲ್ಲ, ಸಹಿ ಇಲ್ಲ. ಚೀಲದ ಬಣ್ಣವೇ ವಿಳಾಸ. ಎಂಜಿನ್ನಿನ ಕಾವಿಗೆ ಪಲ್ಯ ಬಿಸಿ ಇರುತ್ತದೆಂದು ಎಲ್ಲರಿಗೂ ಖುಷಿ.

ನನ್ನದು ನೀಲಿ-ಬಿಳಿ ವೈರ್ ಬ್ಯಾಗು. ಅದಕ್ಕೆ ಕಾವು ತಾಕಬಾರದಿತ್ತು. ಅದರೊಳಗೆ ಅಗಲ ಬಾಯಿಯ ಫ್ಲಾಸ್ಕು, ಫ್ಲಾಸ್ಕಿನಲ್ಲಿ ಐಸು, ಐಸಿನಲ್ಲಿ ಎರಡು ಪುಟ್ಟ ಬಾಟಲಿ, ಬಾಟಲಿಯಲ್ಲಿ ನಮ್ಮಕ್ಕನ ಎದೆಹಾಲು.

ಗಂಡು ಹುಡುಗ ಇಂಥದ್ದನ್ನೆಲ್ಲ ಯಾಕೆ ಬರೆಯಬೇಕು ಎಂದು ಕೇಳುವವರಿಗೆ ನನ್ನಲ್ಲಿ ಒಂದೇ ಉತ್ತರವಿದೆ. ಬರೆಯುವುದಕ್ಕಿಂತ ಬಹಳ ಮೊದಲೇ ಬಾಯಲ್ಲಿ ಆಡಿ ಕೆಡಿಸಿದ್ದೇನೆ. ಬರೆದು ಇನ್ನೇನು ಹೆಚ್ಚಿಗೆ ಕೆಡಿಸಲಾರೆ.

ಅಕ್ಕ ಬಸ್ ಕಂಡಕ್ಟರು. ದೇವದುರ್ಗದಿಂದ ಕೃಷ್ಣಾ ದಂಡೆಯ ಹಳ್ಳಿಗಳಿಗೆ ಹೋಗಿ ಬರುವ ಗಾಡಿ ಅವಳದು. ಮನೆ ರಾಯಚೂರಿನಲ್ಲಿ. ಬೆಳಿಗ್ಗೆ ಮೊದಲ ಬಸ್ಸಿಗೆ ದೇವದುರ್ಗಕ್ಕೆ ಹೋದರೆ ಮರಳುವುದು ದೀಪ ಹಚ್ಚುವ ಹೊತ್ತಿಗೆ. ಭಾವ ಮಾನ್ವಿಯ ಅಕ್ಕಿ ಗಿರಣಿಯ ಲಾರಿ ಹತ್ತಿ ಹೋದರೆ ಹತ್ತು ದಿನಕ್ಕೊಮ್ಮೆ ಮುಖ ತೋರಿಸುತ್ತಿದ್ದರು. ಹೀಗಾಗಿ ಹಗಲಿಗೆ ಮನೆಯಲ್ಲಿ ಅವ್ವ, ಆರು ತಿಂಗಳ ನನ್ನ ಅಳಿಯ, ಮತ್ತು ಸರಕಾರಿ ನೌಕರಿಯ ಪರೀಕ್ಷೆಗೆ ಮೂರು ವರ್ಷದಿಂದ ಓದುತ್ತಿರುವ ನಾನು. ‘ಓದುತ್ತಿರುವ’ ಎಂಬುದು ನನ್ನ ಮಾತು. ಅವ್ವನ ಮಾತಿನಲ್ಲಿ ಅದು ‘ಬಿದ್ದಕೊಂಡಾನ’.

ಓದಿಗಿಂತ ನನಗೆ ಚೆನ್ನಾಗಿ ಬರುತ್ತಿದ್ದದ್ದು ಮಂದಿಯ ದನಿ ತೆಗೆಯುವುದು. ಮಿಮಿಕ್ರಿ ಕಲಾವಿದ ಎಂದರೆ ದೊಡ್ಡದಾಯಿತು. ಗಣಪತಿ ಪೆಂಡಾಲು, ಶಾಲೆಯ ಗ್ಯಾದರಿಂಗು, ಯಾರದೋ ನಿವೃತ್ತಿ, ಇಷ್ಟೇ ನನ್ನ ವೇದಿಕೆ. ಓಣಿಯ ಹಿರಿಯರು ಕೆಮ್ಮುವ ಮೊದಲೇ ಅವರ ಕೆಮ್ಮು ನನ್ನ ಗಂಟಲಲ್ಲಿ ಸಿದ್ಧವಿರುತ್ತಿತ್ತು. ನನ್ನನ್ನೇ ನಾನು ಆಡಿಕೊಳ್ಳುವುದೂ ಇತ್ತು: ಸಂದರ್ಶನಕ್ಕೆ ಹೋಗಿ ತೊದಲುವ ನಾನು, ಕನ್ನಡಿ ಮುಂದೆ ಸಾಹೇಬನಾಗುವ ನಾನು. ಮಂದಿ ನಕ್ಕರೆ ಸಾಕು, ಯಾರ ಚರ್ಮವಾದರೂ ಸರಿ, ಮೊದಲು ಹೊದ್ದುಕೊಳ್ಳುತ್ತಿದ್ದೆ.

ಅಕ್ಕನ ಹೆರಿಗೆ ರಜೆ ಮುಗಿಯುವ ವಾರ ಅವಳ ಅತ್ತೆ ಮಾನ್ವಿಯಿಂದ ಬಂದು ನಡುಮನೆಯಲ್ಲಿ ಕೂತು ಒಂದು ಮಾತು ಹೇಳಿ ಹೋಗಿದ್ದರು.

“ಎದಿಹಾಲ ಇರೂತನಕ ಕೂಸು ನಿನ್ನ ಹತ್ರ ಇರ್ಲೆವ್ವಾ, ನಾ ಏನೂ ಅನ್ನಂಗಿಲ್ಲ. ಡಬ್ಬಿ ಹಾಲಿಗಿ ಬಿತ್ತಂದ್ರ ಮಾನ್ವಿಗಿ ತಂದು ಬಿಡು. ಡಬ್ಬಿ ಮುಚ್ಚಳ ತಗದು ಹಾಲು ಕಲಸಾಕ ನನಗೂ ಬರ್ತದ. ಅದಕ್ಕ ತಾಯೇ ಬೇಕಂತ ಏನದ?”

“ವರ್ಷ ತುಂಬೂತನಕ ನನ್ನ ಹಾಲೇ ಕುಡಸ್ತೀನ್ರಿ ಅತ್ತಿ,” ಎಂದಳು ಅಕ್ಕ.

“ಆತು. ಮಾತು ಮಾತೇ.”

ಅವರು ಹೋದ ಮೇಲೆ ಆ ‘ಮಾತು ಮಾತೇ’ಯನ್ನು ಮೂಗಿನಿಂದ ಎಳೆದು ಹೇಳಿ ತೋರಿಸಿದೆ. ಅವ್ವ ಸೆರಗು ಬಾಯಿಗಿಟ್ಟು ನಕ್ಕಳು. ಅಕ್ಕ ನಗಲಿಲ್ಲ. ಕೈಯಿಂದ ಒತ್ತುವ ಹಾಲಿನ ಪಂಪನ್ನು ಕುದಿಯುವ ನೀರಿನಲ್ಲಿ ಅದ್ದುತ್ತಿದ್ದಳು.

ದೇವದುರ್ಗದ ನಿಲ್ದಾಣದ ಗದ್ದಲದಲ್ಲಿ ಅವಳಿಗೆ ಹಾಲು ಇಳಿಯುತ್ತಿರಲಿಲ್ಲ. ನಿಲ್ದಾಣದ ಹಿಂದೆ ಬಳೆ ಅಂಗಡಿ ಇಟ್ಟಿದ್ದ ಒಬ್ಬ ಚಾಚಿ ತನ್ನ ಒಳಕೋಣೆ ಕೊಟ್ಟಳು. ಬೆಳಗಿನ ಮೊದಲ ಟ್ರಿಪ್ಪು ಮುಗಿಸಿ ಅಕ್ಕ ಅಲ್ಲಿ ಬಳೆ ಡಬ್ಬಿಗಳ ನಡುವೆ ಗೋಡೆಗೆ ಮುಖ ಮಾಡಿ ಕೂಡುತ್ತಿದ್ದಳು. ಚಾಚಿ ಬಾಗಿಲಿಗೆ ಅಡ್ಡಲಾಗಿ ಸ್ಟೂಲು ಹಾಕಿಕೊಂಡು, ಕೇಳಿದವರಿಗೆ “ಒಳಗ ಸ್ಟಾಕ್ ಎಣಸಾಕತ್ತಾರ” ಎನ್ನುತ್ತಿದ್ದಳಂತೆ. ಸಂಜೆಯವರೆಗೆ ಇಟ್ಟುಕೊಂಡು ತಾನೇ ತರೋಣವೆಂದರೆ ನಮ್ಮ ಕಡೆಯ ಬಿಸಿಲಿಗೆ ಐಸು ಎರಡು ತಾಸು ತಡೆದರೆ ಹೆಚ್ಚು. ಅದಕ್ಕೇ ಹನ್ನೊಂದರ ರಾಯಚೂರು ಬಸ್ಸಿಗೆ ಬುತ್ತಿಯ ಹಾಗೆ ಕಳಿಸುವ ಏರ್ಪಾಡು.

ಆ ಬಸ್ಸಿನ ಡ್ರೈವರು ನಿವೃತ್ತಿಗೆ ಮೂರು ತಿಂಗಳಿದ್ದ ಮುಸ್ಲಿಂ ಹಿರಿಯ. ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ನೀಲಿ ಚೀಲವನ್ನು ಅವರು ಎಂಜಿನ್ನಿನ ಹತ್ತಿರ ಬಿಡದೆ ತಮ್ಮ ಸೀಟಿನ ಹಿಂದಿನ ಕೊಕ್ಕೆಗೆ ತೂಗುಹಾಕಿ ಮೇಲೆ ಒದ್ದೆ ಟವೆಲು ಹೊದಿಸುತ್ತಿದ್ದರು. ಮೊದಲ ದಿನ ನಾನು ವಿವರಿಸಲು ಹೋದಾಗ ಕೈ ಅಡ್ಡ ಮಾಡಿದರು.

“ಏನದ ಅಂತ ನೀ ಹೇಳಬ್ಯಾಡ ಬೇಟಾ, ನಾ ಕೇಳಂಗಿಲ್ಲ. ನಂಬಿ ಕೊಟ್ಟ ಚೀಲ. ಮುಟ್ಟಿಸೂದು ನನ್ನ ಕೆಲಸ.”

ಮನೆಯಲ್ಲಿ ಬೇರೆ ರಗಳೆ. ಅವ್ವನ ಪ್ರಕಾರ ಫ್ರಿಜ್ಜಿನಲ್ಲಿಟ್ಟ ಹಾಲು ತಂಗಳು, ಕಾಸದ ಹಾಲು ಹಸಿ. “ಎಮ್ಮಿ ಹಾಲೂ ಕಾಸೇ ಕೊಡ್ತೀವಿ, ಮನಷ್ಯಾರ ಹಾಲು ಹಂಗೇ ಕೊಡೂದೇನು?” ಎಂದು ಎರಡು ಸಲ ಒಲೆಯ ತನಕ ಹೋಗಿದ್ದಳು. ತಣ್ಣಗಾಗಿ ಮೇಲೆ ಕೆನೆ ನಿಂತರೆ “ಒಡದದ” ಎಂದು ಗಾಬರಿ. ಒಲೆಗೆ ಇಡಬಾರದು, ಬಿಸಿನೀರಿನ ಬೋಗುಣಿಯಲ್ಲಿ ಬಾಟಲಿ ಇಟ್ಟು ಮೆಲ್ಲಗೆ ತಿರುಗಿಸಬೇಕು ಎಂದು ಅಕ್ಕ ಹೇಳಿ ಹೇಳಿ ಸೋತು, ಕೊನೆಗೆ ಆ ಕೆಲಸ ನನಗೆ ವಹಿಸಿದಳು. ಟಿಕೆಟ್ ಮಷೀನಿನ ಕಾಗದದ ತುಂಡಿನಲ್ಲಿ ತಾರೀಖು, ಹೊತ್ತು ಬರೆದು ಬಾಟಲಿಗೆ ಅಂಟಿಸುತ್ತಿದ್ದಳು. “ಮೊದಲ ಹತ್ತಿದವರು ಮೊದಲ ಇಳೀಬೇಕು ಲೇ. ಹಿಂದಿನ ಬಾಟ್ಲಿ ಮುಂದ ತರಬ್ಯಾಡ.” ಅವ್ವ ಒಂದರಲ್ಲಿ ಮಾತ್ರ ಯಾರ ಮಾತೂ ಕೇಳಲಿಲ್ಲ. ಹಾಲಿಗೆ ನದರು ಬೀಳಬಾರದೆಂದು, ಅಂದರೆ ಕಂಡವರ ಕಣ್ಣು ತಾಗಬಾರದೆಂದು, ಚೀಲದ ತಳಕ್ಕೆ ಮೂರು ಹಸಿಮೆಣಸಿನಕಾಯಿ, ಒಂದು ಇದ್ದಿಲು ಹಾಕಿಟ್ಟಳು.

ಅಳಿಯ ಮೊದಲೆರಡು ದಿನ ಕುಡಿಯಲೇ ಇಲ್ಲ. ಅವ್ವ ತೊಡೆಯ ಮೇಲೆ ಹಾಕಿಕೊಂಡು ಹಾಲು ಕುಡಿಸುವ ಒಳಲೆಯ ಮೂತಿ ತುಟಿಗಿಟ್ಟರೆ ಉಗುಳಿ, ಮೈ ಬಿಲ್ಲಿನ ಹಾಗೆ ಬಗ್ಗಿಸಿ ಚೀರುತ್ತಿದ್ದ. ಮೂರನೆಯ ದಿನ ನನಗೆ ತಲೆ ಓಡಿತು. ಹಾಲು ಕೊಡುವಾಗ ಅಕ್ಕ ಅವನೊಂದಿಗೆ ತನ್ನ ಬಸ್ಸಿನ ಮಾತೇ ಆಡುತ್ತಿದ್ದಳು. ನಾನು ಅವ್ವನ ಬೆನ್ನ ಹಿಂದೆ ಕೂತು ಅದನ್ನೇ ಅವಳ ದನಿಯಲ್ಲಿ ಹೇಳಿದೆ: “ಮುಂದ ಬರ್ರಿ ಮಹಾರಾಜರು, ಮುಂದ ಬರ್ರಿ, ಜಾಗ ಅದ, ರೈಟ್!” ಕೂಸು ಗಪ್ಪಾಯಿತು. ಕಣ್ಣರಳಿಸಿ ಅತ್ತಿತ್ತ ನೋಡಿತು. ಒಳಲೆ ಖಾಲಿಯಾಯಿತು.

“ಅಂತೂ ಒಂದು ಕೆಲಸಕ್ಕ ಬಂತಲ್ಲ ನಿನ್ನ ಬಾಯಿ,” ಎಂದಳು ಅವ್ವ. ಪರೀಕ್ಷೆಯಲ್ಲಿ ಪಾಸಾದರೂ ಅಷ್ಟು ಹೊಗಳಿಕೆ ಸಿಗುತ್ತಿರಲಿಲ್ಲ.

ಆಮೇಲೆ ಇನ್ನೊಂದು ಕಡೆಯಿಂದಲೂ ಕೆಲಸ ಬಂತು. ಬಳೆ ಕೋಣೆಯಲ್ಲಿ ಕೂತು ಎಷ್ಟು ಒತ್ತಿದರೂ ಕೆಲವು ದಿನ ಹಾಲು ಬರುತ್ತಿರಲಿಲ್ಲ. ಕೂಸಿನ ಅಳು ಕಿವಿಗೆ ಬಿದ್ದರೆ ಇಳಿಯುತ್ತದೆ ಎಂದು ಅಕ್ಕ ಫೋನು ಮಾಡುತ್ತಿದ್ದಳು. ಕೂಸು ಎದ್ದಿದ್ದರೆ ಅವನ ಬಾಯಿಗೆ ಫೋನು ಹಿಡಿಯುತ್ತಿದ್ದೆ. ಮಲಗಿದ್ದರೆ ನಾನೇ ಅಳುತ್ತಿದ್ದೆ. ಹಸಿವಿನ ಅಳು ಬೇರೆ, ನಿದ್ದೆಗಣ್ಣಿನ ಅಳು ಬೇರೆ. ಹಸಿವಿನದರಲ್ಲಿ ನಡುನಡುವೆ ಉಸಿರು ಸಿಕ್ಕಿಕೊಳ್ಳುತ್ತದೆ. ಅದನ್ನು ಎರಡೇ ದಿನದಲ್ಲಿ ಹಿಡಿದಿದ್ದೆ.

“ಇದು ನೀನೇ, ಮಂಗ್ಯಾ,” ಎನ್ನುತ್ತಿದ್ದಳು ಅತ್ತ ಕಡೆಯಿಂದ. ಸ್ವಲ್ಪ ತಡೆದು, “ನಿಲ್ಲಸಬ್ಯಾಡ. ಬರಾಕತ್ತದ.”

ಹೀಗೆ ಹತ್ತಿರ ಹತ್ತಿರ ಮೂರು ತಿಂಗಳು ತಾಯಿಗೆ ಮಗನಾಗಿ, ಮಗನಿಗೆ ತಾಯಿಯಾಗಿ ನಾನು ನಡುವೆ ದಲ್ಲಾಳಿ ಮಾಡಿದೆ. ಜೀವಮಾನದಲ್ಲಿ ನಾನು ಮಾಡಿದ ಒಂದೇ ಗಟ್ಟಿ ನೌಕರಿ ಅದು.

ಅದರ ಮೊದಲ ತಿಂಗಳಲ್ಲೇ, ಚಾಚಾ ರಜೆ ಹಾಕಿದ ಒಂದು ದಿನ ಎಡವಟ್ಟಾಯಿತು. ಅವತ್ತಿನ ಬದಲಿ ಡ್ರೈವರು ನೀಲಿ ಚೀಲವನ್ನು ಉಳಿದ ಬುತ್ತಿಗಳ ಸಾಲಿಗೇ ಸೇರಿಸಿದ್ದ. ಆ ಸಾಲಿನಲ್ಲಿ ಇನ್ನೊಂದು ನೀಲಿ-ಬಿಳಿ ವೈರ್ ಬ್ಯಾಗು ಇತ್ತು. ನಾನು ಮನೆಗೆ ತಂದು ತೆರೆದರೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಫ್ಲಾಸ್ಕಿನಲ್ಲಿ ಮಜ್ಜಿಗೆ. ಫ್ರಿಜ್ಜಿನಲ್ಲಿ ಒಂದು ಬಾಟಲಿಯೂ ಇರಲಿಲ್ಲ. ಕೂಸು ಕಿರುಚತೊಡಗಿತ್ತು. ಅವ್ವ ಔಷಧಿ ಅಂಗಡಿಗೆ ಓಡಿ ಹಾಲಿನ ಪುಡಿಯ ಡಬ್ಬಿ ತಂದಳು. ನಾನು ಚೀಲ ಹುಡುಕಲು ಓಡಿದೆ.

ಬುತ್ತಿ ಕಾಯುವ ನಮ್ಮ ಗುಂಪಿನಲ್ಲಿ ಒಬ್ಬ ಗುಮಾಸ್ತರಿದ್ದರು. ಐವತ್ತು ದಾಟಿದವರು, ಹೆಂಡತಿ ದೇವದುರ್ಗದಲ್ಲಿ, ತಾವು ಇಲ್ಲಿ ರೂಮಿನಲ್ಲಿ. ಅದು ಅವರ ಚೀಲವೆಂದು ನಿಲ್ದಾಣದಲ್ಲಿ ಕೇಳಿ ತಿಳಿದು ಅವರ ಕಚೇರಿಗೆ ಹೋದರೆ ಮೇಜಿನ ಸುತ್ತ ಮೂವರು ಚಹಾ ಕುಡಿಯುತ್ತಿದ್ದರು. ಮೇಜಿನ ಮೇಲೆ ಎರಡು ಪುಟ್ಟ ಬಾಟಲಿ, ಎರಡೂ ಖಾಲಿ.

“ಸರ, ನಿಮ್ಮ ಬುತ್ತಿ ನನ್ನ ಹತ್ರ ಬಂದದ್ರಿ. ನಂದು ನಿಮ್ಮ ಹತ್ರ.”

“ಹೌದೇನೋ! ಅದಕ್ಕೇ ಮತ್ತ. ರೊಟ್ಟಿ ಬಿಟ್ಟು ಬರೇ ಹಾಲು ಕಳಿಸ್ಯಾಳಂತ ನಮ್ಮಾಕಿಗಿ ಫೋನ್ ಹಚ್ಚಿ ಬೈದೆ. ಹಾಲು ನೋಡಿದ್ರ ತೆಳ್ಳಗ. ‘ಎಮ್ಮಿಗಿ ಏನು ತಿನಸಾಕತ್ತೀ’ ಅಂತ ಕೇಳಿದೆ.”

“ಏನಂದ್ರು?”

“‘ತಲಿ ಕೆಟ್ಟದೇನು’ ಅಂದ್ಲು. ಆದ್ರ ಚಹಾ ಭಾಳ ಚಲೋ ಆತು ನೋಡು. ಸಕ್ರಿನೇ ಬೇಕಾಗಿಲ್ಲ.”

“ಸರ, ಅದು ಎಮ್ಮಿದಲ್ರಿ.”

“ಆಕಳದೇನು?”

“ಅಲ್ರಿ.”

“ಮತ್ತೇನು, ಆಡಿಂದೇನು?”

“ನಮ್ಮ ಅಕ್ಕಂದ್ರಿ.”

ಉಳಿದಿಬ್ಬರ ಕಪ್ಪುಗಳು ತುಟಿಯ ಹತ್ತಿರವೇ ನಿಂತವು. ಗುಮಾಸ್ತರು ಬಾಟಲಿಯ ಮೇಲಿನ ಚೀಟಿಯನ್ನು ಮೊದಲ ಸಲ ಓದಿದರು. ಮುಖ ಬಿಳುಪೇರಿತು. ಕೇಳಿದ್ದು ಒಂದೇ: “ಮತ್ತ ಆ ಮೆಣಸಿನಕಾಯಿ?”

“ನದರು ಆಗಬಾರದಂತ ನಮ್ಮವ್ವ ಹಾಕಿದ್ದು.”

“ಅವನ್ನೂ ಚುರಮರಿ ಜೋಡಿ ಕಡಕೊಂಡು ತಿಂದೆನಲ್ಲೋ ಯಪ್ಪಾ!”

ಸಂಜೆ ಅಕ್ಕ ಬಂದಾಗ ನಾನು ನಡೆದದ್ದನ್ನು ಹೇಳುವ ಮೊದಲೇ ಅವಳ ಕಣ್ಣು ಪುಡಿಯ ಡಬ್ಬಿಯ ಮೇಲೆ ಬಿತ್ತು. “ಎಷ್ಟು ಚಮಚ ಹಾಕಿದ್ರಿ?” ಎಂದಳು. ಮೂರು ಎಂದಳು ಅವ್ವ. ಅಕ್ಕ ಡಬ್ಬಿಯನ್ನು ಮುಚ್ಚಿ ಅಟ್ಟದ ಮೇಲೆ ಹಿಂದಕ್ಕೆ ತಳ್ಳಿದಳು. “ಮಾನ್ವಿಗಿ ಗೊತ್ತಾಗಬಾರದು,” ಎಂದಳು, ಅಷ್ಟೇ.

ಭಾನುವಾರ ಗುಮಾಸ್ತರು ಮನೆಗೇ ಬಂದರು. ತೆಂಗಿನಕಾಯಿ, ಸಕ್ಕರೆ, ಒಂದು ಕುಬಸದ ಬಟ್ಟೆ. ಇಪ್ಪತ್ತೆಂಟರ ಅಕ್ಕನ ಕಾಲಿಗೆ ಐವತ್ತು ದಾಟಿದ ಆ ಮನುಷ್ಯ ಬಗ್ಗಿಯೇಬಿಟ್ಟರು. “ಹೊಟ್ಟ್ಯಾಗ ಹೋಗಿಬಿಟ್ಟದವ್ವಾ. ತಿಳೀದೇ ಕುಡದೀನಿ, ಆದ್ರ ಕುಡದೀನಿ. ಇನ್ನ ಮ್ಯಾಲ ನೀ ನನಗ ತಾಯಿ.” ಅಣಕವಿಲ್ಲ, ನಾಟಕವಿಲ್ಲ. ಕಣ್ಣಲ್ಲಿ ನೀರಿತ್ತು. ಅಕ್ಕ ಮುಖ ಗಂಭೀರ ಮಾಡಿ ಅವರಿಗೆ ಊಟ ಹಾಕಿ ಕಳಿಸಿದಳು. ಬಾಗಿಲು ಹಾಕಿದ ಮೇಲೆ ಮೂವರೂ ನೆಲಕ್ಕೆ ಬಿದ್ದು ನಕ್ಕೆವು.

“ಇಷ್ಟು ದೊಡ್ಡ ಮಗ,” ಎಂದಳು ಅಕ್ಕ ಕಣ್ಣೊರೆಸಿಕೊಳ್ಳುತ್ತ, “ಹಡಿಯಾಕ ಒಂದೀಟೂ ತ್ರಾಸ ಕೊಡ್ಲಿಲ್ಲ ನೋಡು.” ಅವತ್ತೇ ಬಳೆ ಕೋಣೆಯ ಕಥೆ, ಒಳಗಿನ ಪಂಪಿನ ಸದ್ದಿಗೆ ಹೊರಗಿನ ಗಿರಾಕಿಗಳು ಇಲಿ ಎಂದು ಹೆದರಿದ ಕಥೆ, ಎಲ್ಲ ಹೇಳಿದಳು. ನಾನು ಆ ಸದ್ದನ್ನು ಅಲ್ಲೇ ತೆಗೆದು ತೋರಿಸಿದೆ. ಚೀಂಯ್, ಪುಸ್. ಚೀಂಯ್, ಪುಸ್. ಅಕ್ಕ ನಗುತ್ತ ನನ್ನ ಬೆನ್ನಿಗೆ ಗುದ್ದಿದಳು. ಆಮೇಲೆ ಸಟ್ಟನೆ ನಗು ನಿಲ್ಲಿಸಿ, “ಲೇ, ಇದು ಮನ್ಯಾಗಿನ ಮಾತು. ಹೊರಗ ಆಡಬ್ಯಾಡ. ಕೈ ಮುಗೀತೀನಿ,” ಎಂದಳು.

ಆಗಲಿ ಎಂದೆ. ಮಾತು ಕೊಡುವುದರಲ್ಲಿ ನಾನು ಎಂದೂ ಜಿಪುಣನಲ್ಲ.

ಎರಡು ತಿಂಗಳಿಗೆ ಚಾಚಾನ ನಿವೃತ್ತಿ ಬಂತು. ದೇವದುರ್ಗದ ಒಂದು ಸಣ್ಣ ಮಂಗಲ ಕಾರ್ಯಾಲಯದಲ್ಲಿ ಮಧ್ಯಾಹ್ನ ಊಟ, ಶಾಲು, ಹಾರ. ‘ನಿನ್ನ ತಮ್ಮನ್ನ ಕರಸು, ನಾಕ ಮಂದಿ ನಗ್ಲಿ’ ಎಂದು ಅಕ್ಕನ ಜೊತೆಯವರು ಹೇಳಿದ್ದರು. ಹೋದೆ. ಮೊದಲು ಚಾಚಾನ ಹಾರ್ನು, ಆಮೇಲೆ ಪಾಸು ಮರೆತ ಕಾಲೇಜು ಹುಡುಗ, ಅರ್ಧ ಟಿಕೆಟ್ಟಿಗೆ ಜಗಳ ತೆಗೆಯುವ ಮುದುಕಿ. ನಗು ಏರುತ್ತ ಹೋಯಿತು. ಆ ಏರುವ ನಗುವಿನ ಮುಂದೆ ನಿಂತವರಿಗೆ ಗೊತ್ತು, ಅದು ಇಳಿಯುವ ಗಳಿಗೆ ಕೊರಳಿಗೆ ಕೈ ಹಾಕಿದ ಹಾಗಿರುತ್ತದೆ. ಇಳಿಯಿತು. ನನ್ನ ಚೀಲದಲ್ಲಿ ಬೇರೆ ಏನೂ ಉಳಿದಿರಲಿಲ್ಲ.

ಗೋಡೆಗೆ ಮುಖ ಮಾಡಿ ಕೂತೆ. ಚೀಂಯ್, ಪುಸ್. “ಒಳಗ ಸ್ಟಾಕ್ ಎಣಸಾಕತ್ತಾರ!” ಚೀಂಯ್, ಪುಸ್. ಆಮೇಲೆ ಗುಮಾಸ್ತರ ಚಹಾ, ಎಮ್ಮೆ, ಆಕಳು, ಆಡು. “ನಮ್ಮ ಅಕ್ಕಂದ್ರಿ” ಎಂಬಲ್ಲಿಗೆ ಬಂದಾಗ ಕುರ್ಚಿಗಳು ಅಲುಗಿದವು. ಯಾರೋ ಸೀಟಿ ಹೊಡೆದರು. ಎಲ್ಲರೂ ಹೆಂಗಸರ ಸಾಲಿನತ್ತ ತಿರುಗಿ ನೋಡಿದರು. ಅಕ್ಕನೂ ನಗುತ್ತಿದ್ದಳು. ಎಲ್ಲರೂ ನೋಡುತ್ತಿರುವಾಗ ಬೇರೆ ಏನು ಮಾಡಬೇಕಿತ್ತು? ಅವಳ ಸೆರಗು ಮಾತ್ರ ಎರಡೂ ಭುಜದ ಮೇಲೆ ಬಂದಿತ್ತು. ಅವಳು ಹಾಗೆ ಹೊದ್ದದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಚಾಚಾ ನಗಲಿಲ್ಲ. ಊಟದ ಸಾಲಿನಲ್ಲಿ ನನ್ನ ಹತ್ತಿರ ಬಂದರು. ಕೊರಳಲ್ಲಿ ಹಾರ ಹಾಗೇ ಇತ್ತು.

“ಇಷ್ಟು ದಿನ ಆ ಚೀಲ ನನ್ನ ಬೆನ್ನ ಹಿಂದ ಇತ್ತು ಬೇಟಾ. ಒಂದು ದಿನ ತೆರದು ನೋಡ್ಲಿಲ್ಲ. ನೀ ಇಷ್ಟು ಮಂದಿ ಮುಂದ ತೆರದಿ.”

“ಚಾಚಾ, ಮಜಾಕ್ ಮಾಡಿದೆ ಅಷ್ಟ.”

“ಹೌ. ಮಜಾಕೇ.” ನನ್ನ ಎಲೆಗೆ ಬಡಿಸುವವನಿಗೆ, “ಇವನಿಗಿ ಇನ್ನೊಂದೀಟು ಸಿಹಿ ಹಾಕ್ರಿ, ಭಾಳ ದಣದಾನ” ಎಂದು ಹೇಳಿ ಮುಂದೆ ಹೋದರು.

ಚಾಚಾ ಹೋದ ಮೇಲೆ ಚೀಲಕ್ಕೆ ಕೊಕ್ಕೆ ಇಲ್ಲವಾಯಿತು. ಕೆಲವು ದಿನ ನಾನೇ ದೇವದುರ್ಗಕ್ಕೆ ಹೋಗಿ ತರತೊಡಗಿದೆ. ಒಂದು ದಿನ ಬೇಗ ತಲುಪಿ, ಅಕ್ಕನ ಗಾಡಿಯ ಹಿಂದಿನ ಸೀಟಿನಲ್ಲಿ ಕೂತು ಅವಳ ಬೆಳಗಿನ ಟ್ರಿಪ್ಪಿಗೆ ಹೋದೆ. ಅವಳು ಟಿಕೆಟ್ಟು ಕೊಡುತ್ತ ನಡುವಿನ ತನಕ ಬಂದಳು. ಎಲ್ಲಿಂದಲೋ ಸದ್ದು ಬಂತು. ಚೀಂಯ್, ಪುಸ್. ಹುಡುಗರ ಗುಂಪು ಕಿಟಕಿಯಾಚೆ ನೋಡುತ್ತ ಕೂತಿತ್ತು. ನನ್ನ ಬಗ್ಗೆ ಸುಳ್ಳು ಹೇಳಿ ಏನಾಗಬೇಕು? ನನಗೆ ಮೊದಲು ಅನ್ನಿಸಿದ್ದು, ಇವನು ನನ್ನಷ್ಟು ಚೆನ್ನಾಗಿ ತೆಗೆಯುತ್ತಿಲ್ಲ, ‘ಪುಸ್’ ತಡವಾಯಿತು ಎಂದು. ಅದರ ಬೆನ್ನಿಗೇ ಇನ್ನೊಬ್ಬ, ಮೀಸೆ ನರೆತವನು, ದೊಡ್ಡ ವಿನಯದಿಂದ ಕೇಳಿದ: “ಮೇಡಂ, ಚಹಾಕ್ಕ ಒಂದೀಟು ಹಾಲು ಸಿಗ್ತದೇನ್ರಿ?”

“ಟಿಕೆಟ್ ಎಲ್ಲಿಗಿ ಹೇಳ್ರಿ,” ಎಂದಳು ಅಕ್ಕ. ಕಾಗದ ಹರಿದು ಕೊಟ್ಟಳು. ನನ್ನ ಸೀಟಿಗೆ ಬಂದಾಗ ನನ್ನತ್ತ ನೋಡದೆ ಮುಂದೆ ದಾಟಿದಳು. ಗಾಡಿ ನಿಂತ ಮೇಲೆ ಬಳೆ ಅಂಗಡಿಗೆ ಹೋದಳು. ಹತ್ತು ನಿಮಿಷಕ್ಕೇ ಬಂದು ಚೀಲ ಕೊಟ್ಟಳು. ಎರಡು ಬಾಟಲಿಯಲ್ಲಿ ಒಂದು ಖಾಲಿ. ಇನ್ನೊಂದರಲ್ಲಿ ತಳ ಮುಚ್ಚುವಷ್ಟು.

ಬೈಯಲಿಲ್ಲ. ಬೈದಿದ್ದರೆ ಅದನ್ನೂ ಒಂದು ದಿನ ಆಡಿ ತೋರಿಸಿ ಹಗುರಾಗುತ್ತಿದ್ದೆ.

ಫೋನಿನಲ್ಲಿ ನಾನು ಅಳುವುದನ್ನು ಮುಂದುವರಿಸಿದೆ. ಉಸಿರು ಸಿಕ್ಕಿಕೊಳ್ಳುವ ಜಾಗ, ಕೊನೆಯ ಸಣ್ಣ ಕೊಂಕು, ಎಲ್ಲ ಮೊದಲಿನ ಹಾಗೆಯೇ. ಅತ್ತ ಕಡೆ ಪಂಪಿನ ಸದ್ದು ಒಣಗಿದ ಹಾಗೆ ಕೇಳುತ್ತಿತ್ತು. ಒಂದು ದಿನ, “ಸಾಕು ಮಾಡಲೇ. ನೀ ಅತ್ರ ಈಗ ಮಂದಿ ನಕ್ಕದ್ದು ಕೇಳ್ತದ,” ಎಂದು ಇಟ್ಟಳು. ಕೂಸಿನ ಬಾಯಿಗೇ ಹಿಡಿದೆನೆಂದರೆ ಅದನ್ನೂ ನನ್ನದೆಂದೇ ತಿಳಿಯುತ್ತಿದ್ದಳು. ನಿಜವಾದ ಅಳುವನ್ನೂ ನಾನು ಸುಳ್ಳು ಮಾಡಿಟ್ಟಿದ್ದೆ.

ಅವ್ವ ಮೆಂತೆ ಉಂಡೆ ಕಟ್ಟಿದಳು, ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ, ಗಸಗಸೆ ಪಾಯಸ. ಏನೂ ಆಗದಿದ್ದಾಗ ಗುಮಾಸ್ತರನ್ನು ಹಿಡಿದಳು. “ಆ ಮನಷ್ಯಾಂದೇ ನದರು. ಕಣ್ಣಿಲೆ ಅಲ್ಲ, ಬಾಯಿಲೇನೇ ಕುಡದ. ಅವತ್ತಿಂದೇ ಬತ್ತಾಕತ್ತಿತು.” ಮಗನಂತೆ ಕಾಲಿಗೆ ಬಿದ್ದು ಹೋದ ಆ ಬಡಪಾಯಿಯ ಹೆಸರಿನಲ್ಲಿ ಉಪ್ಪು-ಸಾಸಿವೆ ಒಲೆಗೆ ಹಾಕಿದಳು. ಅಲ್ಲವ್ವಾ, ನಿನ್ನ ಮಗನ ನಾಲಗೆಯದು ಎಂದು ನಾನು ಹೇಳಬಹುದಿತ್ತು. ಚಟಪಟ ಸಿಡಿಯುವ ಸಾಸಿವೆಯ ಸದ್ದು ಕೇಳುತ್ತ ಕೂತೆ. ಅಕ್ಕನೂ ಹೇಳಲಿಲ್ಲ. ಗುಮಾಸ್ತರ ಎದುರು ಅವ್ವ ಇಂದಿಗೂ ಮುಖ ತಿರುಗಿಸುತ್ತಾಳೆ. ನಾನು ಅವರೊಂದಿಗೆ ನಿಂತು ನಗುತ್ತ ಮಾತಾಡುತ್ತೇನೆ.

ಕೂಸಿನ ಹತ್ತನೆಯ ತಿಂಗಳಿಗೆ ಅಟ್ಟದ ಡಬ್ಬಿ ಕೆಳಗಿಳಿಯಿತು. ಅದು ಹಳತಾಗಿತ್ತೆಂದು ಹೊಸದು ಬಂತು. ರಜೆಗೆ ಬಂದ ಭಾವ ಅದನ್ನು ನೋಡಿದರು. ಅವರಿಗೆ ಕೆಡುಕು ಬಗೆಯುವ ಬುದ್ಧಿಯಿಲ್ಲ, ಬಾಯಿ ಹಿಡಿಯುವ ಬುದ್ಧಿಯೂ ಇಲ್ಲ. ಮಾನ್ವಿಯಿಂದ ಫೋನು ಬಂತು. ಅಕ್ಕನ ವಾರದ ರಜೆಯ ದಿನ ಕೂಸನ್ನು ಕರೆದುಕೊಂಡು ನಾವಿಬ್ಬರು ಹೋದೆವು.

ಆ ಮನೆಯ ನಡುಮನೆಯಲ್ಲಿ ಅತ್ತೆ ಚಾಪೆ ಹಾಸಿ, “ಕುಡಸು ನೋಡೂಣು. ಇದ್ರ ಕರಕೊಂಡು ಹೋಗು, ನಾ ಬ್ಯಾಡ ಅಂದ್ರ ಕೇಳು” ಎಂದರು. ಬಾಗಿಲ ಮರೆಯಲ್ಲಿ, ಪಡಸಾಲೆಯಲ್ಲಿ ನಾನು. ಅಕ್ಕ ಸೆರಗಿನೊಳಗೆ ಕೂಸನ್ನು ಹಾಕಿಕೊಂಡಳು. ಹಾಲು ಸ್ವಲ್ಪವಾದರೂ ಇತ್ತು, ಬೆಳಗಿನ ಜಾವ ಕುಡಿಸುತ್ತಿದ್ದಳು. ಆದರೆ ಡಬ್ಬಿಯ ರುಚಿಗೆ, ಸುಲಭಕ್ಕೆ ಬಿದ್ದ ಕೂಸು ಎರಡು ಸಲ ಎಳೆದು, ಬಿಟ್ಟು, ಮುಖ ತಿರುಗಿಸಿ ಚೀರಿತು.

“ಮಾರಿ ತಿರುವಾಕತ್ತದಲ್ಲವ್ವಾ.”

“ಹಾದ್ಯಾಗ ಬಿಸಲಿಗಿ ಬ್ಯಾಸರಾಗ್ಯದ್ರಿ ಅತ್ತಿ. ಕುಡೀತದ.” ಅಕ್ಕ ಕೂಸನ್ನು ಮತ್ತೆ ಸೆರಗಿನೊಳಗೆ ಎಳೆದುಕೊಂಡಳು. “ಮುಂದ ಬರ್ರಿ ಮಹಾರಾಜರು” ಎಂದು ಶುರುಮಾಡಿದಳು. ಗಂಟಲು ಒಡೆದು ಮಾತು ಮುಗಿಯಲಿಲ್ಲ. ಕೂಸು ಇನ್ನಷ್ಟು ಅತ್ತಿತು. ಆಗ ಅವಳು ಬಾಗಿಲ ಕಡೆಗೆ ಕರೆದಳು:

“ಲೇ. ನನ್ನ ದನಿ ತಗಿ.”

“ಅಕ್ಕಾ, ನೀನೇ ಅಲ್ಲಿ ಇದ್ದೀಯಲ್ಲ.”

“ತಗಿ ಅಂದೆ.”

ತೆಗೆದೆ. ನಡುಗದೆ ತೆಗೆದೆ, ಅದೇ ನನ್ನ ದರಿದ್ರ ವಿದ್ಯೆ. “ಮುಂದ ಬರ್ರಿ ಮಹಾರಾಜರು, ಮುಂದ ಬರ್ರಿ, ಜಾಗ ಅದ, ರೈಟ್!” ಒಳಗೆ ಅಳು ನಿಂತಿತು. ಬಾಗಿಲ ಸಂದಿಯಿಂದ ಕಂಡೆ. ಕೂಸು ಅಕ್ಕನ ತೋಳಿನಿಂದ ಕತ್ತು ಹೊರಳಿಸಿ, ಅವಳ ಮುಖ ದಾಟಿ, ದನಿ ಬಂದ ಬಾಗಿಲನ್ನು ನೋಡುತ್ತಿತ್ತು. ಕೈ ಚಾಚಿ ನಗುತ್ತಿತ್ತು.

ಅಕ್ಕ ಕುಬಸದ ಗುಂಡಿ ಹಾಕಿಕೊಂಡಳು. “ಚಲೋ ತಗೀತಿ,” ಎಂದಳು ನನಗೆ. “ನನಗಿಂತ ಚಲೋ.”

ಅತ್ತೆ ಬೀಗಲಿಲ್ಲ, ಅದೂ ಹೇಳಬೇಕು. ಕೂಸನ್ನು ಎತ್ತಿಕೊಂಡು, “ವಾರಕ್ಕೊಮ್ಮೆ ಬಾರವ್ವಾ, ನಾ ಏನು ಕಳ್ಳಿ ಅಲ್ಲ” ಎಂದರು. ಅಕ್ಕ ಅವರಿಗೆ ಎಷ್ಟು ನೀರಿಗೆ ಎಷ್ಟು ಚಮಚ, ನೀರು ಎಷ್ಟು ಕುದಿಯಬೇಕು, ಉಳಿದದ್ದನ್ನು ಮತ್ತೆ ಕುಡಿಸಬಾರದು ಎಂದು ಹೇಳಿಕೊಟ್ಟಳು. ಹೊಸದಾಗಿ ಡ್ಯೂಟಿಗೆ ಬಂದವರಿಗೆ ರೂಟು ಹೇಳುವ ಹಾಗೆ. ನೀಲಿ ವೈರ್ ಬ್ಯಾಗಿನಿಂದ ಕೂಸಿನ ಅಂಗಿ, ಕುಂಚಿಗೆ, ಒಳಲೆ ತೆಗೆದು ಗೂಡಿನಲ್ಲಿ ಜೋಡಿಸಿದಳು. ಚೀಲದ ತಳದಲ್ಲಿ ಬಾಡಿದ ಮೆಣಸಿನಕಾಯಿ ಉಳಿದವು. ಅವನ್ನು ತೆಗೆಯಲಿಲ್ಲ.

ರಾಯಚೂರಿನ ಬಸ್ಸಿನಲ್ಲಿ ಅವಳು ಕಿಟಕಿಗೆ, ನಾನು ಪಕ್ಕಕ್ಕೆ. ನೀರಮಾನ್ವಿಯಲ್ಲಿ ಯಲ್ಲಮ್ಮನ ಗುಡಿಗೆ ಹೋಗಿ ಬಂದವರು ಹತ್ತಿದರು. ಹಣೆ ತುಂಬ ಭಂಡಾರ. ನಮ್ಮ ಹಿಂದಿನ ಸೀಟಿಗೆ ಒಬ್ಬ ಹೆಂಗಸು ಎಳೆಗೂಸಿನೊಂದಿಗೆ ಕೂತಳು. ಬಸ್ಸು ಹೊರಟ ಸ್ವಲ್ಪ ಹೊತ್ತಿಗೆ ಆ ಕೂಸು ಅಳತೊಡಗಿತು. ಹಸಿವಿನ ಅಳು. ನಡುನಡುವೆ ಉಸಿರು ಸಿಕ್ಕಿಕೊಳ್ಳುತ್ತಿತ್ತು.

ಅಕ್ಕ ಸಟ್ಟನೆ ನನ್ನತ್ತ ತಿರುಗಿದಳು. “ಸಾಕು ಮಾಡಲೇ!”

“ನಾ ಅಲ್ಲಕ್ಕಾ.”

ನನ್ನ ಮುಚ್ಚಿದ ಬಾಯಿಯನ್ನೇ ಒಂದು ಗಳಿಗೆ ನೋಡಿದಳು. ಅಳು ಮುಂದುವರಿದಿತ್ತು. ಅವಳು ಮುಖ ತಗ್ಗಿಸಿ ತನ್ನ ಎದೆ ನೋಡಿಕೊಂಡಳು. ಬೂದುಬಣ್ಣದ ಕುಬಸದ ಮೇಲೆ ಎರಡು ಕಡೆ ಒದ್ದೆ ಮೂಡಿ ಅಗಲವಾಗುತ್ತಿತ್ತು. ಸೆರಗು ಎಳೆದಳು, ಅದೂ ನೆನೆಯಿತು. ಕಾಲ ಬಳಿಯಿದ್ದ ಖಾಲಿ ವೈರ್ ಬ್ಯಾಗನ್ನು ಎತ್ತಿ ಎದೆಗೆ ಒತ್ತಿಕೊಂಡಳು.

ಕಂಡಕ್ಟರು ಬಂದ. ಅವಳ ಗುರುತಿದ್ದವನು.

“ಏನ್ರಿ ಮೇಡಂ, ರಜಾ ಏನು? ಚೀಲ ಕೆಳಗಿಡ್ರಿ, ರಾಯಚೂರತನಕ ಹಿಡಕೊಂಡೇ ಕುಂದ್ರತೀರೇನು?”

“ಹೌದ್ರಿ,” ಎಂದಳು ಅಕ್ಕ.